ಎದುರಿನವರು ಡಿಪ್ ಮಾಡದಿದ್ದರೆ ನಾವೇನು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಬೇರೆಯವರು ಗಾಡಿ ಓಡಿಸುವ ರೀತಿಯ ಬಗ್ಗೆಯೇ. ಬರೀ ಸಿಟ್ಟು ತೋಡಿಕೊಂಡ ಪತ್ರಗಳನ್ನು ಬದಿಗಿಟ್ಟು, ಉತ್ತರ ಓದಿದ ಮೇಲೆ ಏನಾದರೂ ಮಾಡಲು ಸಾಧ್ಯವಿರುವ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಕೆಲಸದ ಮೇಲೆ ರಾತ್ರಿ ಹೊತ್ತು ಕಡೂರು–ಚಿಕ್ಕಮಗಳೂರು ರಸ್ತೆಯಲ್ಲಿ ಓಡಾಡುತ್ತೇನೆ. ಎದುರು ಬರುವವರು ಹೈ ಬೀಮ್ ಇಳಿಸುವುದೇ ಇಲ್ಲ. ಡಿಮ್–ಡಿಪ್ ಮಾಡಿ ತೋರಿಸಿದರೂ ಲೆಕ್ಕಕ್ಕಿಲ್ಲ. ಕೊನೆಗೆ ನಾನೂ ಹೈ ಬೀಮ್ ಹಾಕಿಯೇ ದಾಟುತ್ತೇನೆ. ತಪ್ಪೇ?
— ಓದುಗರು, ಕಡೂರು

ಉತ್ತರ: ತಪ್ಪು. ಇಬ್ಬರಿಗೂ ಕಣ್ಣು ಕತ್ತಲಿಟ್ಟರೆ, ನಿಮ್ಮಿಬ್ಬರ ನಡುವೆ ರಸ್ತೆ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿರುವವನು ಯಾರಿಗೂ ಕಾಣುವುದಿಲ್ಲ. ಜೋರು ಬೆಳಕು ಹೊಡೆದ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ವಯಸ್ಸಾದವರಿಗೆ, ಪೊರೆ ಬರುತ್ತಿರುವವರಿಗೆ ಇನ್ನೂ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರೇ ಸೆಕೆಂಡು ಕಣ್ಣು ಕಟ್ಟಿದರೂ 50 ಮೀಟರ್ ದಾರಿಯನ್ನು ನೋಡದೆ ಓಡಿಸಿದಂತಾಯಿತು.

ದೂರದಲ್ಲಿ ಬೆಳಕು ಕಂಡ ತಕ್ಷಣ ಮೊದಲು ನೀವು ಡಿಪ್ ಮಾಡಿ, ಎಂದರೆ ಹೈ ಬೀಮಿನಿಂದ ಲೋ ಬೀಮಿಗೆ ಇಳಿಸಿ. ಒಮ್ಮೆ, ಹೆಚ್ಚೆಂದರೆ ಎರಡು ಸಲ ಡಿಮ್–ಡಿಪ್ ತೋರಿಸಿ. ಇಳಿಸದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಆ್ಯಕ್ಸಿಲರೇಟರಿನಿಂದ ಕಾಲು ತೆಗೆದು 40ರ ಆಸುಪಾಸಿಗೆ ಇಳಿಸಿ. ಹಿಂದೆ ಗಾಡಿಯಿದ್ದರೆ ಬ್ರೇಕನ್ನು ಹಗುರವಾಗಿ ಮುಟ್ಟಿದರೂ ಬ್ರೇಕ್ ಲೈಟ್ ಅವರಿಗೆ ಸುದ್ದಿ ಮುಟ್ಟಿಸುತ್ತದೆ. ದೃಷ್ಟಿಯನ್ನು ಎದುರಿನ ದೀಪದಿಂದ ತೆಗೆದು ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲಿಡಿ. ಗೆರೆ ಅಳಿಸಿಹೋಗಿದ್ದರೆ ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚನ್ನು ನೋಡಿ. ತಿರುವಿನಲ್ಲಿ ಎದುರು ಗಾಡಿ ಕಾಣುವುದಕ್ಕೆ ಮೊದಲೇ ಅದರ ಬೆಳಕು ಮರಗಳ ಮೇಲೆ ಬೀಳುತ್ತದಲ್ಲ, ಡಿಪ್ ಮಾಡುವ ಹೊತ್ತು ಅದೇ. ಮುಂದಿನ ಗಾಡಿಯ ಹಿಂದೆಯೇ ಹೋಗುವಾಗಲೂ ಡಿಪ್ ಬೇಕು, ನಿಮ್ಮ ಹೈ ಬೀಮ್ ಅವರ ಮೂರೂ ಕನ್ನಡಿಗಳಲ್ಲಿ ಉರಿಯುತ್ತಿರುತ್ತದೆ.

ಕಣ್ಣು ಕುಕ್ಕುವುದರಲ್ಲಿ ನಿಮ್ಮದೇ ಗಾಜಿನ ಪಾಲೂ ಉಂಟು. ವಿಂಡ್‌ಶೀಲ್ಡಿನ ಹೊರಬದಿಯನ್ನು ದಿನಾ ಒರೆಸುವವರೂ ಒಳಬದಿಯನ್ನು ತಿಂಗಳುಗಟ್ಟಲೆ ಮುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ, ಧೂಳು, ಉಸಿರಿನ ತೇವ ಸೇರಿ ಅಲ್ಲೊಂದು ಜಿಡ್ಡಿನ ಪದರ ಕೂರುತ್ತದೆ. ಹಗಲು ಕಾಣದ ಆ ಪದರ ರಾತ್ರಿ ಎದುರಿನ ಬೆಳಕನ್ನು ಇಡೀ ಗಾಜಿಗೆ ಹರಡುತ್ತದೆ. ಒಂದು ಮಗ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ ಹಿಂಡಿ ಒರೆಸಿ. ನಂತರ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಒಳಗನ್ನಡಿಯ ಕೆಳಗಿರುವ ಪುಟ್ಟ ಲಿವರನ್ನು ಎಳೆದರೆ ಹಿಂದಿನವರ ಬೆಳಕು ಮಂಕಾಗುತ್ತದೆ. ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕ ಬೇಡ. ಅದು ಕಣ್ಣಿಗೆ ಬರುವ ಒಟ್ಟು ಬೆಳಕನ್ನೇ ಕಡಿಮೆ ಮಾಡುತ್ತದೆ. ಕತ್ತಲಲ್ಲಿರುವ ಮನುಷ್ಯ ಇನ್ನಷ್ಟು ಕಾಣದಾಗುತ್ತಾನೆ.

ಪ್ರಶ್ನೆ: ನನ್ನ ತೊಂದರೆ ಉಲ್ಟಾ. ನಾನು ಲೋ ಬೀಮಿನಲ್ಲೇ ಇರುತ್ತೇನೆ, ಆದರೂ ಎದುರಿನವರೆಲ್ಲ ಡಿಪ್ ಮಾಡು ಎಂದು ಲೈಟ್ ಹೊಡೆಯುತ್ತಾರೆ. ಕಾರು ಹಳೆಯದು, ಈಚೆಗೆ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸಿದ್ದೇನೆ.
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಕಾರಣವಿದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4 ಹ್ಯಾಲೋಜನ್ ಬಲ್ಬ್, 60/55 ವ್ಯಾಟ್. ಅದರೊಳಗೆ ಎರಡು ತಂತಿಗಳಿವೆ, ಹೈ ಬೀಮಿಗೊಂದು, ಲೋ ಬೀಮಿಗೊಂದು. ಲೋ ಬೀಮ್ ತಂತಿಯ ಕೆಳಗೆ ಲೋಹದ ಪುಟ್ಟ ಬಟ್ಟಲಿನಂಥ ಮರೆಯಿದೆ. ಅದರಿಂದ ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ರಿಫ್ಲೆಕ್ಟರಿನ ಡೊಂಕನ್ನು ಆ ತಂತಿ ಇರುವ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಕೊಡುವ ಪುಟ್ಟ ಚಿಪ್‌ಗಳು ಕರಾರುವಾಕ್ಕಾಗಿ ಅದೇ ಜಾಗದಲ್ಲಿ ಕೂರದಿದ್ದರೆ ಬೆಳಕು ಮೇಲಕ್ಕೂ ಚೆಲ್ಲುತ್ತದೆ. ನಿಮಗೆ ರಸ್ತೆ ಬೆಳ್ಳಗೆ ಕಂಡು ಖುಷಿಯಾದರೂ ಎದುರಿನವರಿಗೆ ಅದು ಹೈ ಬೀಮೇ. ಹಳೆಯ 60/55 ಬಲ್ಬನ್ನೇ ವಾಪಸ್ ಹಾಕಿಸಿ. 100/90 ವ್ಯಾಟಿನದು ಹಾಕಿಸುವ ಆಸೆಯೂ ಬೇಡ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಅದರ ಶಾಖಕ್ಕೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟುಹೋಗುತ್ತದೆ.

ಬಲ್ಬ್ ಕೂರಿಸುವಾಗ ಅದರ ಮೂರು ಕಿವಿಗಳನ್ನು ಗಮನಿಸಿ. ಒಂದು ಅಗಲವಾಗಿರುತ್ತದೆ, ಅದು ತನ್ನ ಕಚ್ಚಿನಲ್ಲೇ ಕೂರಬೇಕು. ಅವಸರಕ್ಕೆ ಒತ್ತಿ ಕ್ಲಿಪ್ ಹಾಕಿದರೆ ಬಲ್ಬ್ ಓರೆಯಾಗಿ ಬೆಳಕು ಎಲ್ಲೆಲ್ಲೋ ಹೋಗುತ್ತದೆ.

ಆಮೇಲೆ ಗೋಡೆ ಪರೀಕ್ಷೆ ಮಾಡಿ. ಟೈರುಗಳಲ್ಲಿ ಸರಿಯಾದ ಗಾಳಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಗೆ ನೇರವಾಗಿ, ಹೆಡ್‌ಲೈಟಿನಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿ. ನೆಲದಿಂದ ಬಲ್ಬಿನ ನಡುವಿಗೆ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಟೇಪ್ ಅಂಟಿಸಿ. ಲೋ ಬೀಮ್ ಹಾಕಿ, ಒಂದು ದೀಪವನ್ನು ರಟ್ಟಿನಿಂದ ಮುಚ್ಚಿ ಇನ್ನೊಂದನ್ನು ನೋಡಿ. ಬೆಳಕು–ನೆರಳು ಬೇರೆಯಾಗುವ ಗೆರೆ ಟೇಪಿಗಿಂತ 5ರಿಂದ 6.5 ಸೆಂ.ಮೀ. ಕೆಳಗಿರಬೇಕು. ನಮ್ಮಲ್ಲಿ ಎಡಗಡೆ ಚಾಲನೆಯಾದ್ದರಿಂದ ಗೆರೆಯ ಎಡತುದಿ ಸ್ವಲ್ಪ ಮೇಲೇರುವುದು ಸಹಜ. ಬಲಭಾಗ ಟೇಪಿನ ಮೇಲೆ ಹೋಗಲೇಬಾರದು. ಹೋಗಿದ್ದರೆ ಹೆಡ್‌ಲೈಟಿನ ಹಿಂದಿರುವ ಹೊಂದಾಣಿಕೆ ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತಾಗಿ ತಿರುಗಿಸಿ ನೋಡಿ.

ಈ ಪರೀಕ್ಷೆಯಲ್ಲಿ ಸ್ಟಿಯರಿಂಗ್ ಬಳಿಯ ಲೆವೆಲಿಂಗ್ ತಿರುಗಣೆ, ಎಂದರೆ ಹೆಡ್‌ಲೈಟಿನ ಬೆಳಕನ್ನು ಏರಿಳಿಸುವ ತಿರುಗಣೆ, 0ಯಲ್ಲಿರಬೇಕು. ಅದರ ಮೇಲಿನ 0, 1, 2, 3 ಅಂಕಿಗಳನ್ನು ಎಷ್ಟೋ ಮಂದಿ ಕಾರು ಕೊಂಡ ದಿನದಿಂದ ಮುಟ್ಟಿಯೇ ಇರುವುದಿಲ್ಲ. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಸಾಮಾನ್ಯವಾಗಿ ಮುಂದಿನ ಸೀಟುಗಳಲ್ಲಿ ಮಾತ್ರ ಜನವಿದ್ದರೆ 0, ಐವರೂ ಇದ್ದರೆ 1, ಐವರ ಜೊತೆ ಡಿಕ್ಕಿಯೂ ತುಂಬಿದ್ದರೆ 2, ಡ್ರೈವರ್ ಒಬ್ಬನೇ ಇದ್ದು ಡಿಕ್ಕಿ ತುಂಬಿದ್ದರೆ 3. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಇದ್ದರೆ ಅದನ್ನೇ ಪಾಲಿಸಿ. ಊರಿನಿಂದ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿಕೊಂಡು ರಾತ್ರಿ ಹೊರಡುವವರು ಇದೊಂದನ್ನು ಮರೆಯದಿದ್ದರೆ ಎದುರು ಬರುವ ಎಷ್ಟೋ ಜನರ ಕಣ್ಣು ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಲ ಲೇನಿನಲ್ಲಿ ಸರಿಯಾಗಿ 100ರಲ್ಲಿ ಹೋಗುತ್ತಿರುತ್ತೇನೆ. ಹಿಂದಿನಿಂದ ಬಂಪರಿಗೆ ಅಂಟಿಕೊಂಡಂತೆ ಬಂದು ಲೈಟ್ ಹೊಡೆಯುತ್ತಾರೆ. ವೇಗದ ಮಿತಿಯೇ 100 ಇರುವಾಗ ನಾನೇಕೆ ದಾರಿ ಬಿಡಬೇಕು?
— ಓದುಗರು, ಮಂಡ್ಯ

ಉತ್ತರ: ಬಲ ಲೇನ್ ಇರುವುದು ಓವರ್‌ಟೇಕ್ ಮಾಡಲು, ಅದಕ್ಕೆ ಬಿಡಬೇಕು. ಓವರ್‌ಟೇಕ್ ಮುಗಿದರೆ ನಡು ಲೇನಿಗೆ ಬನ್ನಿ. ಎಡಕ್ಕೆ ಬಂದರೆ ಬೈಕು, ಆಟೊ ಅಡ್ಡ ಬರುತ್ತವೆ ಎಂಬ ಹಳೆಯ ನೆಪವೂ ಈಗಿಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹಿಂದಿನವರ ವೇಗವನ್ನು ನೋಡಿಕೊಳ್ಳಲು ಕ್ಯಾಮೆರಾಗಳಿವೆ, ಅವರನ್ನು ತಡೆಯುವ ಕೆಲಸ ನಿಮ್ಮದಲ್ಲ. ಅಲ್ಲದೆ ಸ್ಪೀಡೋಮೀಟರುಗಳು ನಿಜವಾದ ವೇಗಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ. ಮುಳ್ಳು 100ರಲ್ಲಿದ್ದರೆ ಕಾರು ಅದಕ್ಕಿಂತ ಕಡಿಮೆಯಲ್ಲೇ ಓಡುತ್ತಿರಬಹುದು.

ಹಾಗೆಂದು ಅಂಟಿಕೊಂಡು ಬರುವುದು ಸರಿ ಎಂದಲ್ಲ, ಅದು ಜೀವ ತೆಗೆಯುವ ಚಟ. 100ರ ವೇಗದಲ್ಲಿ ಸೆಕೆಂಡಿಗೆ 28 ಮೀಟರ್ ಓಟ. ಬ್ರೇಕಿನ ಮೇಲೆ ಕಾಲು ಬೀಳುವುದಕ್ಕೇ ಸೆಕೆಂಡು–ಒಂದೂವರೆ ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ಮೂರು ಸೆಕೆಂಡಿನ ಅಂತರ, ಎಂದರೆ 80 ಮೀಟರಿಗೂ ಹೆಚ್ಚು ಬೇಕು. ಮುಂದಿನ ಕಾರು ಒಂದು ಕಂಬವನ್ನು ದಾಟಿದಾಗ ಎಣಿಸಲು ಶುರುಮಾಡಿ, ನೀವು ಆ ಕಂಬ ಮುಟ್ಟುವ ಹೊತ್ತಿಗೆ ಮೂರು ಸೆಕೆಂಡು ಕಳೆದಿರಬೇಕು. ಮಳೆಯಲ್ಲಿ ಇದನ್ನು ದುಪ್ಪಟ್ಟು ಮಾಡಿ.

ಹಿಂದೆ ಯಾರಾದರೂ ಅಂಟಿಕೊಂಡಾಗ ಬ್ರೇಕ್ ಹೊಡೆದು ಹೆದರಿಸಬೇಡಿ. ನಿಮ್ಮ ಮುಂದಿನ ಅಂತರವನ್ನು ಹೆಚ್ಚಿಸಿಕೊಳ್ಳಿ. ಮುಂದೆ ಜಾಗವಿದ್ದರೆ ನೀವು ನಿಧಾನವಾಗಿ ಬ್ರೇಕ್ ಹಿಡಿಯಬಹುದು, ಆಗ ಹಿಂದಿನವನಿಗೂ ನಿಲ್ಲಲು ಸಮಯ ಸಿಗುತ್ತದೆ. ಎಡ ಇಂಡಿಕೇಟರ್ ಹಾಕಿ, ಎಡಗನ್ನಡಿ ನೋಡಿ, ಕನ್ನಡಿಗೆ ಕಾಣದ ಮೂಲೆಯನ್ನು ಕತ್ತು ಹೊರಳಿಸಿ ನೋಡಿ, ಆಮೇಲೆ ಸರಿಯಿರಿ. ನಿಮ್ಮ ಹಿಂದಿನವನೂ ತಾಳ್ಮೆಗೆಟ್ಟು ಅದೇ ಕ್ಷಣ ಎಡಕ್ಕೆ ನುಗ್ಗುತ್ತಿರಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಎಲ್ಲರೂ ನಾಲ್ಕೂ ಇಂಡಿಕೇಟರ್ ಮಿಣುಕಿಸಿಕೊಂಡೇ ಓಡಿಸುತ್ತಾರೆ. ನಾವೂ ಹಾಕಬೇಕೇ?
— ಓದುಗರು, ಬೆಳ್ತಂಗಡಿ

ಉತ್ತರ: ಬೇಡ. ಹಜಾರ್ಡ್ ಲೈಟ್ ಇರುವುದು ನಿಂತ ಗಾಡಿಗೆ, ಕೆಟ್ಟು ಎಳೆಸಿಕೊಂಡು ಹೋಗುವ ಗಾಡಿಗೆ. ಹೆಚ್ಚಿನ ಗಾಡಿಗಳಲ್ಲಿ ನಾಲ್ಕೂ ಮಿಣುಕುವಾಗ ಎಡ–ಬಲದ ಇಂಡಿಕೇಟರ್ ಕೆಲಸ ಮಾಡುವುದಿಲ್ಲ. ಮುಂದಿನ ಗಾಡಿ ನಿಂತಿದೆಯೋ, ಓಡುತ್ತಿದೆಯೋ, ತಿರುಗುತ್ತದೆಯೋ ಹಿಂದಿನವರಿಗೆ ತಿಳಿಯುವುದಿಲ್ಲ. ಎಲ್ಲರೂ ಹಾಕಿಕೊಂಡು ಓಡುತ್ತಿದ್ದರೆ, ತಿರುವಿನಾಚೆ ನಿಜವಾಗಿ ಕೆಟ್ಟು ನಿಂತ ಲಾರಿಯೂ ಓಡುತ್ತಿರುವಂತೆಯೇ ಕಾಣುತ್ತದೆ. ಮಳೆಗೆ, ಮಂಜಿಗೆ ಲೋ ಬೀಮ್ ಹಾಕಿ, ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ಬರೀ ಪಾರ್ಕಿಂಗ್ ಲೈಟ್ ಸಾಲದು. ಹೈ ಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಘಾಟಿಯ ಇನ್ನೊಂದು ಕಿರಿಕಿರಿ ಇಕ್ಕಟ್ಟಿನ ತಿರುವಿನಲ್ಲಿ ಎದುರುಬದುರು ನಿಂತು ಜಗಳವಾಡುವುದು. ಏರು ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂಬುದು ನಿಯಮ. ಭಾರ ಹೊತ್ತ ಲಾರಿ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕ್ಲಚ್ ಸುಡುತ್ತದೆ, ಹಿಂದಕ್ಕೂ ಜಾರಬಹುದು. ಇಳಿಯುವವರು ತಿರುವಿಗೆ ಮೊದಲೇ ನಿಂತು ಕಾಯಬೇಕು.

ಪ್ರಶ್ನೆ: ಮುಂದಿನ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ಓವರ್‌ಟೇಕ್ ಮಾಡಿ ಎಂದೋ, ಮಾಡಬೇಡಿ ಎಂದೋ?
— ಓದುಗರು, ಶಿರಾ

ಉತ್ತರ: ಎರಡೂ ಅರ್ಥದಲ್ಲಿ ಬಳಸುವವರಿದ್ದಾರೆ, ಅಪಾಯವಿರುವುದೇ ಅಲ್ಲಿ. ನೀವು ಮಾತ್ರ ಅದನ್ನು ‘ಬಲಕ್ಕೆ ತಿರುಗುತ್ತಿದ್ದಾರೆ’ ಎಂದೇ ಓದಿ, ಹಿಂದೆಯೇ ಇರಿ. ಎದುರು ರಸ್ತೆ ಖಾಲಿಯಿದೆ ಎಂದು ನಿಮ್ಮ ಕಣ್ಣಿಗೇ ಕಂಡ ಹೊರತು ಯಾರ ದೀಪವನ್ನು ನಂಬಿಯೂ ಹೊರಗೆ ಬರಬೇಡಿ. ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ನಿಮಗೆ ಕಾಣುತ್ತಿಲ್ಲವೆಂದರೆ ನೀವೂ ಅವನಿಗೆ ಕಾಣುತ್ತಿಲ್ಲ, ಇನ್ನಷ್ಟು ಹಿಂದೆ ಸರಿಯಿರಿ.

ಪ್ರಶ್ನೆ: ಸಿಗ್ನಲ್ ಹಸಿರಾಗುವ ಮೊದಲೇ ಹಿಂದಿನವರು ಹಾರ್ನ್ ಬಡಿಯುವುದಕ್ಕೆ ದಂಡವಿಲ್ಲವೇ?
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಎಫ್ ಕಲಮಿನ ಪ್ರಕಾರ ಅನಗತ್ಯ ಹಾರ್ನಿಗೆ ಮೊದಲ ಸಲ 1,000 ರೂ., ಮತ್ತೆ ಮಾಡಿದರೆ 2,000 ರೂ. ದಂಡ. ಹಾರ್ನಿಗೆ ಒಂದು ಕಾರಣ ಸಿಗ್ನಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರಲ್ಲೂ ಇದೆ. ಬಿಳಿ ಗೆರೆ ದಾಟಿ ಜೀಬ್ರಾ ಪಟ್ಟಿಯ ಮೇಲೆ ನಿಂತವರಿಗೆ ಸಿಗ್ನಲ್ ದೀಪ ತಲೆಯ ಹಿಂದೆ ಹೋಗಿರುತ್ತದೆ. ಹಿಂದಿನವರ ಹಾರ್ನೇ ಅವರಿಗೆ ಹಸಿರು ದೀಪ. ಗೆರೆಯ ಹಿಂದೆ ನಿಂತರೆ ದೀಪವೂ ಕಾಣುತ್ತದೆ, ನಡೆದು ದಾಟುವವರಿಗೆ ಜಾಗವೂ ಉಳಿಯುತ್ತದೆ.

ಪ್ರಶ್ನೆ: ಹುಬ್ಬಳ್ಳಿ–ಧಾರವಾಡದಲ್ಲಿ ರಾಂಗ್ ಸೈಡಿನಲ್ಲಿ ಬರೋ ಬೈಕಿನವರ ಕಾಟ ಭಾಳ ಆಗೈತ್ರಿ. ಏನ್ ಮಾಡೂದು?
— ಓದುಗರು, ಧಾರವಾಡ

ಉತ್ತರ: ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವಾಗ ನಾವೆಲ್ಲ ಬಲಕ್ಕೆ ಮಾತ್ರ ನೋಡಿ ನುಗ್ಗುತ್ತೇವೆ. ರಾಂಗ್ ಸೈಡಿನವನು ಬರುವುದು ಎಡದಿಂದ. ಬಲ, ಎಡ, ಮತ್ತೆ ಬಲ ನೋಡಿಯೇ ತಿರುಗಿ. ಹೆದ್ದಾರಿಯಲ್ಲಿ ಕಾರು, ಲಾರಿಯೇ ಎದುರಿಗೆ ಬಂದರೆ ವೇಗ ಇಳಿಸಿ ಎಡಕ್ಕೆ ಸರಿದು, ಸುರಕ್ಷಿತವಾಗಿ ನಿಂತ ಮೇಲೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033 ಕೂಡ ಇದೆ.

ಪ್ರಶ್ನೆ: ಕಬ್ಬಿನ ಟ್ರ್ಯಾಕ್ಟರ್ ಹೊಡೆಯೋರು ನಾವು. ಕಾರಿನವರು ಹಿಂದಿನಿಂದ ಬಂದು ಬೈತಾರ್ರಿ, ಲೈಟ್ ಇಲ್ಲ ಅಂತ. ಟ್ರೇಲರಿಗೆ ಲೈಟ್ ಐತ್ರಿ, ಕಬ್ಬು ಹೇರಿದ ಮ್ಯಾಲೆ ಕಾಣೂದಿಲ್ಲ. ಏನ್ ಮಾಡಬೇಕು?
— ಓದುಗರು, ಮುಧೋಳ

ಉತ್ತರ: ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಟ್ರ್ಯಾಕ್ಟರ್ 20ರಲ್ಲಿ, ಹಿಂದಿನ ಕಾರು 80ರಲ್ಲಿ ಇದ್ದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಕರಗುತ್ತದೆ. ಲೋ ಬೀಮಿನಲ್ಲಿ ದೀಪವಿಲ್ಲದ ವಸ್ತು 40–50 ಮೀಟರಿಗೆ ಬಂದಾಗಷ್ಟೇ ಸ್ಪಷ್ಟವಾಗಿ ಕಾಣುವುದು. ಕಾರಿನವನಿಗೆ ಸಿಗುವುದು ಹೆಚ್ಚೆಂದರೆ ಮೂರು ಸೆಕೆಂಡು.

ಟ್ರೇಲರಿನ ಚೌಕಟ್ಟಿನ ಮೇಲಿರುವ ಲೈಟನ್ನು ಜೋತುಬಿದ್ದ ಕಬ್ಬು ಮುಚ್ಚುತ್ತದೆ. ಆದ್ದರಿಂದ ನಾಲ್ಕಡಿ ಉದ್ದದ ಹಲಗೆಗೆ ಎರಡೂ ತುದಿಗೆ ಒಂದೊಂದು ಕೆಂಪು ಲೈಟ್, ನಡುವೆ ಉದ್ದಕ್ಕೂ ಕೆಂಪು ರಿಫ್ಲೆಕ್ಟರ್ ಟೇಪ್ ಹಾಕಿ ಇಟ್ಟುಕೊಳ್ಳಿ. ಕಬ್ಬು ಹೇರಿ ಹಗ್ಗ ಬಿಗಿದ ಮೇಲೆ, ಹಿಂದಕ್ಕೆ ಚಾಚಿದ ಕಬ್ಬಿನ ತುದಿಗಿಂತ ಹೊರಗೆ ಹಲಗೆಯನ್ನು ಎರಡು ಕಡೆ ಕಟ್ಟಿ. ಎತ್ತರ ಕಾರಿನವನ ಕಣ್ಣಿನ ಮಟ್ಟಕ್ಕಿರಲಿ, ಎಂದರೆ ನೆಲದಿಂದ ಮೂರೂವರೆ–ನಾಲ್ಕಡಿ. ವೈರನ್ನು ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಸಾಕೆಟ್ಟಿನಿಂದ ತನ್ನಿ. ಎರಡು ಟ್ರೇಲರ್ ಇದ್ದರೆ ಹಲಗೆ ಕೊನೆಯದಕ್ಕೆ ಬೇಕು. ವೈರ್ ಜೋಡಣೆ ಕಿತ್ತುಹೋಗುವುದು ಹೆಚ್ಚಾಗಿ ಎರಡು ಟ್ರೇಲರುಗಳ ನಡುವಿನ ಕೊಂಡಿಯ ಬಳಿ. ತಿರುಗುವಾಗ ಎಳೆಯದಂತೆ ಅಲ್ಲಿ ಒಂದೂವರೆ ಅಡಿ ವೈರ್ ಸಡಿಲ ಬಿಡಿ. ವೈರಿಂಗ್ ಆಗುವವರೆಗೆ ಸೈಕಲ್ಲಿಗೆ ಹಾಕುವ ಬ್ಯಾಟರಿ ಮಿಣುಕು ದೀಪ ಎರಡು ತಂದು ಕಟ್ಟಿದರೂ ಆದೀತು.

ಟ್ರೇಲರಿನ ಬದಿಗಳಿಗೆ ಹಳದಿ ಟೇಪ್ ಹಚ್ಚಿ, ಅಡ್ಡರಸ್ತೆಗೆ ತಿರುಗುವಾಗ ಬದಿಯೇ ಎದುರಿನವರಿಗೆ ಕಾಣುವುದು. ಟೇಪಿನ ಮೇಲೆ ಕೆಸರು ಕೂತರೆ ಅದು ಹೊಳೆಯುವುದಿಲ್ಲ. ಕಾರ್ಖಾನೆಯ ಸಾಲಿನಲ್ಲಿ ಕಾಯುವ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ಖಾಲಿ ಟ್ರೇಲರ್ ತರುವಾಗ ಹಲಗೆಯನ್ನು ಬಿಚ್ಚಿ ಒಳಗಿಡದೆ ಹಿಂಬಾಗಿಲಿಗೇ ಕಟ್ಟಿ.