ನಿರೂಪಕ ಬದಲಾದರೆ ಕಥೆಯೂ ಬದಲಾಗುತ್ತದೆಯೇ?

ಒಂದು ಕಥೆಯನ್ನು ‘ನಾನು’ ಎಂದು ಹೇಳಿದರೂ ‘ಅವಳು’ ಎಂದು ಹೇಳಿದರೂ ನಡೆದ ಘಟನೆಗಳು ಅವೇ ಅಲ್ಲವೇ, ಹಾಗಿರುವಾಗ ವಿಮರ್ಶಕರು ನಿರೂಪಕನ ಬಗ್ಗೆ ಇಷ್ಟೇಕೆ ಬರೆಯುತ್ತಾರೆ, ಎಲ್ಲವನ್ನೂ ಬಲ್ಲ ನಿರೂಪಕ ಈಗ ಹಳತಾಗಿಬಿಟ್ಟಿದ್ದಾನೆಯೇ ಎಂದು ನೀವು ಕೇಳಿದ್ದೀರಿ. ಘಟನೆಗಳು ಅವೇ ಆಗಿರಬಹುದು, ಆದರೆ ಕಥೆ ಅದೇ ಆಗಿ ಉಳಿಯುವುದಿಲ್ಲ ಎಂಬುದು ನನ್ನ ಉತ್ತರ. ಕಾದಂಬರಿಯಲ್ಲಿ ಘಟನೆ ನಮಗೆ ನೇರವಾಗಿ ಎಂದೂ ದಕ್ಕುವುದಿಲ್ಲ. ಯಾರೋ ಕಂಡದ್ದು, ಯಾರೋ ಹೇಳಲು ಒಪ್ಪಿದ್ದು, ಯಾರೋ ಹೇಳದೆ ಉಳಿಸಿಕೊಂಡದ್ದು ಎಂಬ ರೂಪದಲ್ಲೇ ಅದು ನಮ್ಮನ್ನು ತಲುಪುತ್ತದೆ. ನಿರೂಪಕನನ್ನು ಆರಿಸಿಕೊಳ್ಳುವಾಗ ಲೇಖಕ ಮುಖ್ಯವಾಗಿ ಈ ಕೊನೆಯದನ್ನೇ ನಿರ್ಧರಿಸುತ್ತಿರುತ್ತಾನೆ, ಅಂದರೆ ಓದುಗನಿಗೆ ಯಾವುದನ್ನು ಹೇಳದೆ ಬಿಡಬೇಕು ಮತ್ತು ಬಿಟ್ಟದ್ದನ್ನು ಅವನು ಯಾವ ಸುಳಿವಿನಿಂದ ಕಂಡುಕೊಳ್ಳಬೇಕು ಎಂಬುದನ್ನು.

ಒಂದು ಸಣ್ಣ ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಮಗನ ಸಾಲ ತೀರಿಸುವುದಕ್ಕಾಗಿ ತಾಯಿ ತಾನು ವಾಸವಿರುವ ಮನೆಯನ್ನು ಮಾರುವ ಪತ್ರಕ್ಕೆ ಸಹಿ ಹಾಕುತ್ತಾಳೆ. ಎಲ್ಲವನ್ನೂ ಬಲ್ಲ ನಿರೂಪಕ ಇದನ್ನು ಹೀಗೆ ಹೇಳಬಹುದು: “ತಾಯಿಗೆ ಮನೆ ಮಾರುವ ಮನಸ್ಸಿರಲಿಲ್ಲ, ಮಗನಿಗೂ ಅದು ಗೊತ್ತಿತ್ತು. ಆದರೂ ಅವಳು ಸಹಿ ಹಾಕಿದಳು.” ಇಲ್ಲಿ ಇಬ್ಬರ ಮನಸ್ಸೂ ನಮಗೆ ತಿಳಿಯಿತು, ತೀರ್ಪೂ ಹೆಚ್ಚುಕಡಿಮೆ ಸಿದ್ಧವಾಯಿತು. ಅದನ್ನೇ ಮಗ ಹೇಳಲಿ: “ಅಮ್ಮನನ್ನು ನಾನು ಒತ್ತಾಯಿಸಲಿಲ್ಲ. ಕಾಗದಗಳನ್ನು ಮೇಜಿನ ಮೇಲೆ ಇಟ್ಟೆ, ಅಷ್ಟೆ. ಪೆನ್ನು ಕೇಳಿದವಳು ಅವಳೇ.” ಈ ಮಾತುಗಳಲ್ಲಿ ಒಂದೂ ಸುಳ್ಳಿರಬೇಕಾಗಿಲ್ಲ. ಆದರೆ ಯಾರೂ ಕೇಳದಿದ್ದರೂ ‘ಒತ್ತಾಯಿಸಲಿಲ್ಲ’ ಎಂದು ಅವನೇಕೆ ಮೊದಲು ಹೇಳಿದ ಎಂಬ ಪ್ರಶ್ನೆ ಓದುಗನಲ್ಲಿ ಏಳುತ್ತದೆ, ಅಲ್ಲಿಂದ ಮುಂದೆ ಅವನ ಪ್ರತಿಯೊಂದು ವಾಕ್ಯವನ್ನೂ ನಾವು ಎರಡು ಸಲ ಓದತೊಡಗುತ್ತೇವೆ. ಮೂರನೆಯ ಬಗೆ ಹೀಗಿರಬಹುದು: “ಅವಳು ಕಾಗದವನ್ನು ನೋಡಿದಳು. ಮಗ ಬಾಯಿಬಿಟ್ಟು ಕೇಳುತ್ತಿದ್ದಾನೆ, ಇಲ್ಲವೆನ್ನುವುದು ಹೇಗೆ? ನಾಳೆಯಿಂದ ತಾನು ಎಲ್ಲಿಗೆ ಹೋಗಬೇಕು?” ಹೇಳುತ್ತಿರುವವನು ಹೊರಗಿನವನೇ, ಆದರೂ ಪ್ರಶ್ನೆಗಳು ತಾಯಿಯವು. ‘ಅವಳು ಯೋಚಿಸಿದಳು’ ಎಂದು ಎಲ್ಲೂ ಹೇಳದಿದ್ದರೂ ಒಂದು ‘ತಾನು’ ನಮ್ಮನ್ನು ಅವಳ ಮನಸ್ಸಿನೊಳಕ್ಕೆ ಕರೆದೊಯ್ದಿದೆ. ಮೂರರಲ್ಲೂ ನಡೆದದ್ದು ಒಂದೇ ಸಹಿ. ಮೊದಲನೆಯದು ಒಂದು ಕುಟುಂಬದ ಕಥೆ, ಎರಡನೆಯದು ಅಪರಾಧಪ್ರಜ್ಞೆಯ ಕಥೆ, ಮೂರನೆಯದು ನಿರಾಶ್ರಿತಳಾಗುವ ಭಯದ ಕಥೆ.

ಕನ್ನಡದಲ್ಲಿ ಬರೆಯುವವರಿಗೆ ಇದರ ಜೊತೆಗೆ ಇನ್ನೊಂದು ಹೊಣೆಯೂ ಇದೆ, ವಿಮರ್ಶೆಯಲ್ಲಿ ಅದರ ಚರ್ಚೆ ಇನ್ನಷ್ಟು ನಡೆಯಬೇಕೆಂದು ನನಗೆ ಅನಿಸುತ್ತದೆ. ಒಂದು ಪಾತ್ರವನ್ನು ‘ಅವನು’ ಎನ್ನಬೇಕೋ ‘ಅವರು’ ಎನ್ನಬೇಕೋ ಎಂಬುದನ್ನು ಮೊದಲ ವಾಕ್ಯದಲ್ಲೇ ತೀರ್ಮಾನಿಸದೆ ನಮ್ಮ ನಿರೂಪಕ ಮುಂದೆ ಹೋಗಲಾರ. ಧಣಿಗೆ ‘ಬಂದರು’ ಎಂದೂ ಆಳಿಗೆ ‘ಬಂದ’ ಎಂದೂ ಬರೆಯುವ ನಿರೂಪಕ ತಾನು ತಟಸ್ಥನೆಂದು ಎಷ್ಟೇ ಹೇಳಿಕೊಂಡರೂ ಸಮಾಜದ ಯಾವ ಬದಿಯಲ್ಲಿ ನಿಂತು ಮಾತಾಡುತ್ತಿದ್ದಾನೆ ಎಂಬುದು ಕ್ರಿಯಾಪದದಲ್ಲೇ ಬಯಲಾಗುತ್ತದೆ. ಇಬ್ಬರಿಗೂ ‘ಬಂದ’ ಎಂದೇ ಬರೆದರೆ ಅದೂ ಒಂದು ನಿಲುವು. ‘ಅವನು’, ‘ಅವಳು’ ಎಂದು ಹೇಳುವ ಪ್ರಥಮ ಪುರುಷದ ಕಥನವೆಂದರೆ ದೃಷ್ಟಿಕೋನವಿಲ್ಲದ ಕಥನವೆಂಬ ನಂಬಿಕೆ ಕನ್ನಡದ ಒಂದು ಪುಟದ ಮುಂದೆಯೂ ನಿಲ್ಲುವುದಿಲ್ಲ.

ಹೇಳುವವನು ಬೇರೆ, ನೋಡುವವನು ಬೇರೆ ಆಗಿರಬಹುದು ಎಂಬ ಈ ಸಂಗತಿಗೆ ಫ್ರೆಂಚ್ ವಿದ್ವಾಂಸ ಜೆರಾರ್ ಜೆನೆಟ್ 1972ರಲ್ಲಿ ಸ್ಪಷ್ಟವಾದ ಶಾಸ್ತ್ರೀಯ ರೂಪ ಕೊಟ್ಟರು. ಆದರೆ ಅದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ ಒಬ್ಬ ಲೇಖಕ ಇದೇ ಕಾರಣಕ್ಕೆ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಫ್ರೆಂಚ್ ಲೇಖಕ ಫ್ಲಾಬೇರ್ ‘ಮದಾಮ್ ಬೊವಾರಿ’ ಕಾದಂಬರಿಯಲ್ಲಿ ತನ್ನ ನಾಯಕಿ, ವಿವಾಹಿತೆ ಎಮ್ಮಾಳ ಹಂಬಲಗಳನ್ನು, ಪ್ರಿಯಕರನೊಬ್ಬ ಸಿಕ್ಕಾಗ ಅವಳು ಪಟ್ಟ ಸಂಭ್ರಮವನ್ನು, ಮೇಲೆ ಹೇಳಿದ ಮೂರನೆಯ ಬಗೆಯಲ್ಲಿ ತನ್ನ ಟೀಕೆ ಸೇರಿಸದೆ ಬರೆದ. 1857ರ ವಿಚಾರಣೆಯಲ್ಲಿ ಸರ್ಕಾರದ ವಕೀಲ ಪಿನಾರ್ ಆ ಭಾಗಗಳನ್ನು ಓದಿ, ಇದು ವ್ಯಭಿಚಾರದ ವೈಭವೀಕರಣ, ಈ ಪುಸ್ತಕದಲ್ಲಿ ಆ ಹೆಣ್ಣನ್ನು ಖಂಡಿಸಬಲ್ಲ ಒಂದು ಪಾತ್ರವೂ ಇಲ್ಲ ಎಂದು ವಾದಿಸಿದ. ಸಂಭ್ರಮ ಎಮ್ಮಾಳದು, ಲೇಖಕನದಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಖಂಡಿಸುವ ದನಿ ಇಲ್ಲವೆಂದು ಅವನು ಗುರುತಿಸಿದ್ದು ಸರಿಯೇ ಆಗಿತ್ತು. ತೀರ್ಪನ್ನು ಓದುಗನಿಗೆ ಬಿಟ್ಟುಕೊಡುವ ಆ ಕಥನಕ್ರಮವೇ ಅವನನ್ನು ಕೆಣಕಿದ್ದು. ನ್ಯಾಯಾಲಯ ಲೇಖಕನನ್ನು ಆಕ್ಷೇಪಿಸಿತು, ಕೊನೆಗೆ ಖುಲಾಸೆ ಮಾಡಿತು.

‘ನಾನು’ ಎಂದು ಹೇಳುವವನ ಮಾತನ್ನು ಎಷ್ಟು ನಂಬಬೇಕು ಎಂಬುದು ಇದಕ್ಕೆ ಹೊಂದಿಕೊಂಡ ಪ್ರಶ್ನೆ. ನಂಬಲರ್ಹನಲ್ಲದ ನಿರೂಪಕನೆಂಬ ಪರಿಕಲ್ಪನೆಯನ್ನು ಅಮೆರಿಕದ ವೇಯ್ನ್ ಬೂತ್ 1961ರಲ್ಲಿ ಮಂಡಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂತು, ಕೆಲವೊಮ್ಮೆ ಅತಿಯಾಗಿಯೂ ಬಂತು. ಅಂಥ ನಿರೂಪಕ ಸುಳ್ಳುಗಾರನೇ ಆಗಿರಬೇಕೆಂದು ಅನೇಕರು ತಿಳಿದಿದ್ದಾರೆ. ಜಪಾನಿನ ಅಕುತಗಾವ 1922ರಲ್ಲಿ ಬರೆದ ‘ಪೊದೆಯೊಳಗೆ’ ಎಂಬ ಕಥೆ ಈ ತಿಳಿವಳಿಕೆಯನ್ನು ತಿದ್ದುತ್ತದೆ. ಒಂದು ಸಾವಿನ ಬಗ್ಗೆ ಏಳು ಜನರ ಹೇಳಿಕೆಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ನಡುವೆ ನಿರೂಪಕನ ವಿವರಣೆ ಇಲ್ಲ. ದರೋಡೆಕೋರ ತಾನು ಕೊಂದೆನೆನ್ನುತ್ತಾನೆ, ಹೆಂಡತಿ ತಾನು ಕೊಂದೆನೆನ್ನುತ್ತಾಳೆ, ಸತ್ತವರ ಆತ್ಮ ಮೈಮೇಲೆ ಬರುವ ಹೆಂಗಸೊಬ್ಬಳ ಬಾಯಿಂದ ಮಾತಾಡುವ ಸತ್ತವನು ತಾನೇ ಇರಿದುಕೊಂಡೆನೆನ್ನುತ್ತಾನೆ. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಆಡುವ ಸುಳ್ಳುಗಳಾಗಿದ್ದರೆ ಮೂವರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು. ಇಲ್ಲಿ ಪ್ರತಿಯೊಬ್ಬರಿಗೂ ಪ್ರಾಣಕ್ಕಿಂತ ತನ್ನ ಬಗ್ಗೆ ತಾನು ಕಟ್ಟಿಕೊಂಡ ಚಿತ್ರ ದೊಡ್ಡದು, ನೆನಪು ಆ ಚಿತ್ರಕ್ಕೆ ತಕ್ಕಂತೆ ಬಾಗಿದೆ. ಮನುಷ್ಯ ತನ್ನ ಬಗ್ಗೆ ಹೇಳಿಕೊಳ್ಳುವಾಗ ಎಷ್ಟು ದೂರ ಹೋಗಬಲ್ಲ ಎಂಬುದನ್ನು ಒಬ್ಬ ನಿರೂಪಕನ ಮೂಲಕ ತೋರಿಸಲು ಆಗುತ್ತಲೇ ಇರಲಿಲ್ಲ.

ಕೇಳುವವನು ಯಾರು ಎಂಬುದೂ ಅಷ್ಟೇ ಮುಖ್ಯ, ಅದು ಸುಲಭವಾಗಿ ಮರೆತುಹೋಗುತ್ತದೆ. ಮಹಾಭಾರತದ ಯುದ್ಧವನ್ನು ಹೇಳುವ ಸಂಜಯನಿಗೆ ವ್ಯಾಸರು ಕೊಟ್ಟ ವರದಿಂದ ರಣರಂಗದ ಎಲ್ಲವೂ, ಯೋಧರ ಮನಸ್ಸಿನ ಯೋಚನೆಗಳು ಸಹ, ತಿಳಿಯುತ್ತವೆ; ಸರ್ವಜ್ಞ ನಿರೂಪಕನೆಂದರೆ ಇವನೇ. ಆದರೆ ಅವನ ಎದುರಿಗೆ ಕುಳಿತವನು ಸೋಲುವವರ ತಂದೆ. ಹತ್ತು ದಿನಗಳ ಯುದ್ಧ ಮುಗಿದ ಮೇಲೆ ಸಂಜಯ ಬಂದು ಭೀಷ್ಮರು ಬಿದ್ದರೆಂಬ ಸುದ್ದಿಯನ್ನೇ ಮೊದಲು ಹೇಳುತ್ತಾನೆ, ರಾಜ ಗೋಳಾಡಿ ‘ಹೇಗಾಯಿತು’ ಎಂದು ಕೇಳಿದ ಮೇಲೆ ಮೊದಲ ದಿನದಿಂದ ವಿವರಿಸುತ್ತಾನೆ. ಇದರಿಂದಾಗಿ ಆ ಹತ್ತು ದಿನಗಳ ಪ್ರತಿಯೊಂದು ಗೆಲುವನ್ನೂ ನಾವು ಅದರ ಕೊನೆಯನ್ನು ತಿಳಿದ ತಂದೆಯ ಪಕ್ಕದಲ್ಲಿ ಕುಳಿತು ಕೇಳುತ್ತೇವೆ.

ಸರ್ವಜ್ಞ ನಿರೂಪಕ ಹಳತಾದನೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಇಲ್ಲ ಎಂದೇ ಹೇಳುತ್ತೇನೆ. ಹಳತಾದದ್ದು ಪಾತ್ರಗಳ ತಲೆಯ ಮೇಲಿಂದ ಓದುಗನಿಗೆ ಉಪದೇಶ ಮಾಡುವ ಅಭ್ಯಾಸ ಮಾತ್ರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತನ್ನ ಆರಂಭದಲ್ಲೇ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಘೋಷಿಸುತ್ತದೆ. ಆ ಮಾತನ್ನು ನಿಜ ಮಾಡಬೇಕಾದರೆ ಹೆಗ್ಗಡೆಯ ಜಗುಲಿಯಿಂದ ಜೀತದಾಳು ಗುತ್ತಿಯ ನಡಿಗೆಗೂ ಅಲ್ಲಿಂದ ಅವನ ನಾಯಿ ಹುಲಿಯನ ಪಾಡಿಗೂ ಒಂದೇ ಗೌರವದಿಂದ ಓಡಾಡಬಲ್ಲ ನಿರೂಪಕ ಬೇಕಾಗಿತ್ತು, ಅದಕ್ಕೆ ಬೇರೆ ಯಾವ ನಿರೂಪಕನೂ ಒದಗುತ್ತಿರಲಿಲ್ಲ. ಅದೇ ಮಲೆನಾಡಿನ ಬದುಕನ್ನು ಒಬ್ಬ ಹೆಗ್ಗಡೆ ‘ನಾನು’ ಎಂದು ಹೇಳಿದ್ದರೆ ಗುತ್ತಿ ಅಂಗಳದ ಅಂಚಿನಲ್ಲಿ ಬಂದು ನಿಂತು ಹೋಗುವ ಆಳಾಗಿಬಿಡುತ್ತಿದ್ದ. ಅವನು ಕಾಡಿನಲ್ಲಿ ಒಬ್ಬನೇ ನಡೆಯುವಾಗ ಏನನ್ನು ಯೋಚಿಸುತ್ತಾನೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯದೆ ಉಳಿಯಿತೆಂಬುದೂ ಓದುಗನ ಗಮನಕ್ಕೆ ಬರುತ್ತಿರಲಿಲ್ಲ.