ದಾಖಲೆ ಕೈಸೇರದಿದ್ದಾಗ, ಸಭೆಯ ಬಾಗಿಲು ಮುಚ್ಚಿದಾಗ

ಪ್ರಶ್ನೆ: ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಎಚ್-1ಬಿ ವೀಸಾದ ಮೇಲೆ ನೆಲೆಸಿದ್ದೇನೆ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಶಾಲಾ ಬಸ್ಸಿನ ಮಾರ್ಗಗಳನ್ನು ಕಡಿತಗೊಳಿಸಿದೆ. ಆ ಕುರಿತ ಪತ್ರವ್ಯವಹಾರದ ಪ್ರತಿಗಳನ್ನು ಕೇಳಿ ಎರಡು ತಿಂಗಳಾದರೂ "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲಿನ ಇಮೇಲ್ ಬಿಟ್ಟರೆ ಬೇರೇನೂ ಬಂದಿಲ್ಲ. ಒಂಬುಡ್ಸ್‌ಮನ್‌ಗೆ (ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಿ ಎಂದು ಸ್ನೇಹಿತರು ಹೇಳುತ್ತಾರೆ. ಪೌರತ್ವವಿಲ್ಲದ ನಾನು ಇದಕ್ಕೆಲ್ಲ ಕೈಹಾಕಬಹುದೇ? ಅವರಿಗೆ ನಮ್ಮ ಲೋಕಾಯುಕ್ತರಂಥ ಅಧಿಕಾರವಿದೆಯೇ?

ಉತ್ತರ: ಮೊದಲು ನಿಮ್ಮ ಅಳುಕನ್ನು ಬಗೆಹರಿಸೋಣ. ಸರ್ಕಾರಿ ಅಧಿಕಾರಿಯ ವಶದಲ್ಲಿರುವ ಸಾರ್ವಜನಿಕ ದಾಖಲೆಗಳು ಕಚೇರಿಯ ವೇಳೆಯಲ್ಲಿ "ಯಾವುದೇ ವ್ಯಕ್ತಿ"ಯ ಪರಿಶೀಲನೆಗೆ ತೆರೆದಿರಬೇಕೆಂದು ಅರಿಜೋನಾದ ಕಾಯ್ದೆ ಹೇಳುತ್ತದೆ. ಅಲ್ಲಿ ಪೌರ ಎಂಬ ಪದವಿಲ್ಲ, ಹಾಗಾಗಿ ನಿಮ್ಮ ವೀಸಾ ಇಲ್ಲಿ ಅಡ್ಡಿಯಾಗುವುದಿಲ್ಲ. ಎಲ್ಲ ರಾಜ್ಯಗಳಲ್ಲೂ ಹೀಗೆಯೇ ಎಂದು ತಿಳಿಯಬೇಡಿ. ವರ್ಜೀನಿಯಾ ತನ್ನ ರಾಜ್ಯದ ಪೌರರಿಗೆ ಮಾತ್ರ ಈ ಹಕ್ಕನ್ನು ಕೊಟ್ಟಿದ್ದು, ಅದು ಸಂವಿಧಾನಬಾಹಿರವಲ್ಲವೆಂದು 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ವಾಣಿಜ್ಯ ಉದ್ದೇಶವಿಲ್ಲದಿದ್ದರೆ ದಾಖಲೆ ಏಕೆ ಬೇಕೆಂಬ ಕಾರಣವನ್ನೂ ನೀವು ಹೇಳಬೇಕಾಗಿಲ್ಲ.

ಇನ್ನು ಅಧಿಕಾರದ ಮಾತು. ಒಂಬುಡ್ಸ್‌ಮನ್ ಎಂಬ ಸ್ಥಾನ 1809ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿತು. ಅರಿಜೋನಾದಲ್ಲಿ ಶಾಸಕಾಂಗದ ಅಧೀನದಲ್ಲಿರುವ ಈ ಕಚೇರಿ 1996ರ ಜುಲೈ 1ರಂದು ಕೆಲಸ ಆರಂಭಿಸಿತು. ದಾಳಿ ನಡೆಸುವ, ಬಂಧಿಸುವ ಸಂಸ್ಥೆ ಇದಲ್ಲ. ದಾಖಲೆ ಕೊಡಿ ಎಂದು ಆದೇಶ ಹೊರಡಿಸಲೂ ಇದಕ್ಕೆ ಬರುವುದಿಲ್ಲ. ವಿಚಾರಿಸುತ್ತದೆ, ತನಿಖೆ ಮಾಡುತ್ತದೆ, ಶಿಫಾರಸು ಮಾಡುತ್ತದೆ. ಇಷ್ಟೇ ಆದರೆ ಏನು ಪ್ರಯೋಜನ ಎಂದು ನೀವು ಕೇಳಬಹುದು. ಅರ್ಜಿಗಳು ಕೊಳೆಯುವುದು ಹಲವು ಬಾರಿ ದುರುದ್ದೇಶದಿಂದಲ್ಲ. ಅರ್ಜಿ ಯಾರ ಮೇಜಿನ ಮೇಲಿದೆಯೆಂಬುದು ಕಚೇರಿಯಲ್ಲೇ ಯಾರಿಗೂ ತಿಳಿಯದಿರುವುದರಿಂದ, ಅಥವಾ ಕೇಳಿದ್ದು ಏನೆಂದು ಗುಮಾಸ್ತರಿಗೆ ಅರ್ಥವಾಗದಿರುವುದರಿಂದ. ಕಾನೂನು ಬಲ್ಲ, ಯಾರ ಪರವೂ ಅಲ್ಲದ ಒಬ್ಬರು ಫೋನು ಮಾಡಿ "ಈ ಅರ್ಜಿಯ ಸ್ಥಿತಿ ಏನು?" ಎಂದು ಕೇಳಿದಾಗ ಅಂಥ ಗಂಟುಗಳು ಸಡಿಲಗೊಳ್ಳುತ್ತವೆ. ಆದೇಶದ ಬಲವಿಲ್ಲದಿರುವುದೇ ಈ ಕಚೇರಿಯ ಅನುಕೂಲವೆಂದು ನನಗೆ ಅನ್ನಿಸುವುದುಂಟು: ಎದುರಿನ ಅಧಿಕಾರಿ ವಕೀಲರನ್ನು ಮುಂದೆ ಬಿಡುವ ಬದಲು ತಾನೇ ಮಾತಿಗೆ ಸಿಗುತ್ತಾನೆ. ಇದಕ್ಕೆ ನೀವು ಶುಲ್ಕವನ್ನೇನೂ ಕೊಡಬೇಕಾಗಿಲ್ಲ.

ದಾಖಲೆಯನ್ನು ಇಂತಿಷ್ಟೇ ದಿನಗಳೊಳಗೆ ಒದಗಿಸಬೇಕೆಂದು ಅರಿಜೋನಾದ ಕಾಯ್ದೆ ಗಡುವು ಹಾಕಿಲ್ಲ. ಅವಿಳಂಬವಾಗಿ ಕೊಡಬೇಕು ಎನ್ನುತ್ತದೆ, ಹಾಗೆ ಕೊಡದಿದ್ದರೆ ನಿರಾಕರಿಸಿದಂತೆಯೇ ಎಂದೂ ಹೇಳುತ್ತದೆ. ಜಗಳವೆಲ್ಲ ಈ "ಅವಿಳಂಬ" ಎಂಬ ಪದದ ಸುತ್ತಲೇ ನಡೆಯುತ್ತದೆ. ನೀವು "ಬಸ್ ಮಾರ್ಗದ ಬಗ್ಗೆ ಇರುವ ಎಲ್ಲ ದಾಖಲೆ" ಎಂದು ಬರೆದಿದ್ದರೆ ಎರಡು ತಿಂಗಳು ಹೆಚ್ಚಲ್ಲ ಎಂದು ಅವರು ವಾದಿಸಬಲ್ಲರು. ಅದರ ಬದಲು "ಜನವರಿ 1ರಿಂದ ಮಾರ್ಚ್ 31ರವರೆಗೆ ಸಾರಿಗೆ ವಿಭಾಗದ ಮುಖ್ಯಸ್ಥರಿಗೂ ಸೂಪರಿಂಟೆಂಡೆಂಟರಿಗೂ ನಡುವೆ ಹೋಗಿ ಬಂದ, ಮಾರ್ಗ ಕಡಿತದ ಪ್ರಸ್ತಾಪವಿರುವ ಇಮೇಲ್‌ಗಳು" ಎಂದು ಕೇಳಿದರೆ ಆ ವಾದ ನಿಲ್ಲುವುದು ಕಷ್ಟ. ಆದ್ದರಿಂದ ದೂರು ಕೊಡುವ ಮುನ್ನ ಅರ್ಜಿಯನ್ನು ಹೀಗೆ ಕಿರಿದುಗೊಳಿಸಿ ಮತ್ತೊಮ್ಮೆ ಕಳುಹಿಸಿ. ಆಮೇಲೆ ಎರಡೂ ಅರ್ಜಿಗಳ ಪ್ರತಿ, ಕಳುಹಿಸಿದ ದಿನಾಂಕಗಳು, ಬಂದ ಉತ್ತರ ಇಷ್ಟನ್ನು ದೂರಿಗೆ ಲಗತ್ತಿಸಿ. ಅಧಿಕಾರಿಗಳ ಗುಣಸ್ವಭಾವದ ವರ್ಣನೆ ಅದರಲ್ಲಿ ಬೇಡ.

ಅವರು ಕೊಡಲೊಪ್ಪದಿದ್ದರೆ ಕಾರಣ ಕೇಳಿ. 1984ರ ತೀರ್ಪೊಂದರಲ್ಲಿ ಅರಿಜೋನಾ ಸುಪ್ರೀಂ ಕೋರ್ಟ್ ಒಪ್ಪಿಕೊಂಡ ಕಾರಣಗಳು ಮೂರು: ಬೇರೊಂದು ಶಾಸನ ಗೋಪ್ಯವೆಂದಿರುವುದು, ವ್ಯಕ್ತಿಯ ಖಾಸಗಿತನ, ಸಾರ್ವಜನಿಕ ಹಿತಕ್ಕೆ ಆಗಬಹುದಾದ ಧಕ್ಕೆ. "ನಮಗೆ ಮುಜುಗರವಾಗುತ್ತದೆ" ಎಂಬುದು ಈ ಮೂರರಲ್ಲಿ ಇಲ್ಲ. ಒಂಬುಡ್ಸ್‌ಮನ್ ಮಾತಿಗೂ ಅವರು ಬಗ್ಗದಿದ್ದರೆ ರಾಜ್ಯದ ವಿಚಾರಣಾ ನ್ಯಾಯಾಲಯವಾದ ಸುಪೀರಿಯರ್ ಕೋರ್ಟಿಗೆ ಹೋಗುವ ಹಕ್ಕು ನಿಮಗೆ ಉಳಿದೇ ಇರುತ್ತದೆ. ಅಲ್ಲಿ ಬಹುಪಾಲು ಗೆದ್ದರೆ ವಕೀಲರ ವೆಚ್ಚವನ್ನೂ ನ್ಯಾಯಾಲಯ ಕೊಡಿಸಬಹುದು.

ಪ್ರಶ್ನೆ: ಅದೇ ರಾಜ್ಯದ ಇನ್ನೊಂದು ಊರಿನವಳು ನಾನು. ನಮ್ಮ ಶಾಲಾ ಆಡಳಿತ ಮಂಡಳಿಯ ಐವರೂ ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಕುಳಿತು, ಹೊರಬಂದವರೇ ಒಂದೇ ನಿಮಿಷದಲ್ಲಿ, ಯಾರೂ ಒಂದು ಮಾತನ್ನೂ ಆಡದೆ, ಶಾಲೆಯೊಂದನ್ನು ಮುಚ್ಚಲು ಕೈ ಎತ್ತಿದರು. ಇದು ಸಿಂಧುವೇ?

ಉತ್ತರ: ನೀವು ಮೊದಲು ನೋಡಬೇಕಾದದ್ದು ಕಾರ್ಯಸೂಚಿಯನ್ನು. ಸಭೆಗೆ ಕನಿಷ್ಠ 24 ಗಂಟೆ ಮೊದಲೇ ಅದನ್ನು ಪ್ರಕಟಿಸಬೇಕು, ಮತ್ತು ಮುಚ್ಚಿದ ಅಧಿವೇಶನವಿದ್ದರೆ ರಾಜ್ಯದ ಬಹಿರಂಗ ಸಭೆ ಕಾಯ್ದೆಯ ಯಾವ ಉಪಬಂಧದ ಪ್ರಕಾರ ಎಂಬುದನ್ನು ಅದರಲ್ಲಿ ಕಾಣಿಸಬೇಕು. ಸಿಬ್ಬಂದಿಯ ನೇಮಕ ಅಥವಾ ವಜಾ, ಗೋಪ್ಯ ದಾಖಲೆ, ವಕೀಲರ ಸಲಹೆ, ಜಮೀನು ಖರೀದಿಯ ಮಾತುಕತೆ, ಇಂಥ ಕೆಲವೇ ವಿಷಯಗಳಿಗೆ ಬಾಗಿಲು ಮುಚ್ಚಬಹುದು. ವಕೀಲರ ಸಲಹೆ ಎಂಬ ಉಪಬಂಧವನ್ನು ಮಂಡಳಿಗಳು ಛತ್ರಿಯಂತೆ ಬಳಸುತ್ತವೆ: ಶಾಲೆ ಮುಚ್ಚುವುದರ ಕಾನೂನು ತೊಡಕುಗಳನ್ನು ವಕೀಲರಲ್ಲಿ ಕೇಳಬಹುದು, ಮುಚ್ಚುವುದು ಒಳಿತೋ ಕೆಡುಕೋ ಎಂದು ತಮ್ಮತಮ್ಮಲ್ಲೇ ಚರ್ಚಿಸಿ ಅಲ್ಲೇ ಒಮ್ಮತಕ್ಕೆ ಬರುವಂತಿಲ್ಲ. ಹೊರಗೆ ಬಂದು ಮತ ಹಾಕಿದ್ದು ಒಂದೇ ನಿಮಿಷದಲ್ಲಿ ಮುಗಿಯಿತೆಂಬುದು ಅನುಮಾನಕ್ಕೆ ಆಸ್ಪದ, ಪುರಾವೆಯಲ್ಲ. ಪುರಾವೆ ಇಮೇಲ್‌ನಲ್ಲಿ ಸಿಗುವುದುಂಟು. ಸಿಬ್ಬಂದಿ ಕಳುಹಿಸಿದ ಮಾಹಿತಿ ಪತ್ರಕ್ಕೆ ಸದಸ್ಯರೊಬ್ಬರು "ನನ್ನ ಬೆಂಬಲವಿದೆ" ಎಂದು ಎಲ್ಲರಿಗೂ ಉತ್ತರಿಸಿ, ಇನ್ನಿಬ್ಬರು ಅದಕ್ಕೆ ದನಿಗೂಡಿಸಿದರೆ ಐವರಲ್ಲಿ ಮೂವರ ಕೋರಂ ತುಂಬಿತು; ಜನರ ಕಣ್ಣಿಗೆ ಬೀಳದ ಸಭೆಯೊಂದು ನಡೆದೇ ಹೋಯಿತು.

ಒಂಬುಡ್ಸ್‌ಮನ್ ಇಂಥ ದೂರನ್ನೂ ವಿಚಾರಿಸುತ್ತಾರೆ, ಆದರೆ ನಿರ್ಣಯವನ್ನು ರದ್ದುಪಡಿಸಲಾರರು. ಕಾಯ್ದೆ ಮೀರಿ ನಡೆದ ಸಭೆಯ ನಿರ್ಣಯ ಅಸಿಂಧು. ಆದರೆ ಉಲ್ಲಂಘನೆ ಗೊತ್ತಾದ 30 ದಿನಗಳೊಳಗೆ ಮಂಡಳಿ ಬಹಿರಂಗ ಸಭೆ ಕರೆದು, ಹಿಂದೆ ನಡೆದುದರ ವಿವರವನ್ನು 72 ಗಂಟೆ ಮೊದಲೇ ಜನರ ಮುಂದಿಟ್ಟು, ಅದನ್ನು ಸ್ಥಿರೀಕರಿಸಬಹುದು. ಬಹಳ ಸಲ ನಿಮಗೆ ದಕ್ಕುವುದು ಈ ಎರಡನೆಯ ಸಭೆಯೇ. ಮೊದಲ ಬಾರಿ ಕೇಳಿಸದ ಚರ್ಚೆ ಆಗ ಕೇಳಿಸುತ್ತದೆ, ಶಾಲೆ ಮುಚ್ಚುವ ತೀರ್ಮಾನ ಮಾತ್ರ ಬದಲಾಗದೆಯೂ ಇರಬಹುದು. ದಂಡ ವಿಧಿಸಬೇಕೆಂದರೆ ರಾಜ್ಯದ ಅಟಾರ್ನಿ ಜನರಲ್ ಮೂಲಕ ನ್ಯಾಯಾಲಯವೇ ಆಗಬೇಕು. ಒಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇನಲ್ಲ ಎಂದು ನ್ಯಾಯಾಲಯದ ಕಾಲಮಿತಿಯನ್ನು ಮಾತ್ರ ಮರೆತು ಕೂರಬೇಡಿ.

ಪ್ರಶ್ನೆ: ಸಭೆಯ ನಡಾವಳಿಯನ್ನು ತಿಂಗಳ ನಂತರ ಬರೆದು ಹಳೆಯ ದಿನಾಂಕ ಹಾಕಿದ್ದಾರೆಂಬ ಗುಮಾನಿ ನನಗಿದೆ. ತಿಳಿಯುವುದು ಹೇಗೆ?

ಉತ್ತರ: ನಡಾವಳಿ ಅಥವಾ ಧ್ವನಿಮುದ್ರಣ ಸಭೆಯಾದ ಮೂರು ಕೆಲಸದ ದಿನಗಳಲ್ಲಿ ಸಿಗಬೇಕು; ಮೊದಲು ಧ್ವನಿಮುದ್ರಣವನ್ನೇ ಕೊಡುವಂತೆ ಕೇಳಿ. ಜೊತೆಗೆ ಕಡತವನ್ನು ಮುದ್ರಿತ ರೂಪದಲ್ಲಲ್ಲ, ಮೂಲ ಎಲೆಕ್ಟ್ರಾನಿಕ್ ರೂಪದಲ್ಲಿ, ಮೆಟಾಡೇಟಾ (ಕಡತ ಯಾವಾಗ ತಯಾರಾಯಿತು ಎಂಬಂಥ, ಅದರೊಳಗೇ ಇರುವ ಮಾಹಿತಿ) ಸಹಿತ ಕೇಳಿ. ಫೀನಿಕ್ಸ್ ನಗರದ ಪೊಲೀಸ್ ಅಧಿಕಾರಿಯೊಬ್ಬರು, ಮೇಲಧಿಕಾರಿ ತನ್ನ ಬಗ್ಗೆ ಬರೆದ ಟಿಪ್ಪಣಿಗಳಿಗೆ ಹಿಂದಿನ ದಿನಾಂಕ ಹಾಕಿದ್ದಾರೆಂದು ಶಂಕಿಸಿ, ಆ ಕಡತ ಯಾವಾಗ ತಯಾರಾಯಿತೆಂಬ ಮಾಹಿತಿ ಕೇಳಿದ್ದರು. ನಗರಾಡಳಿತ ಕೊಡಲಿಲ್ಲ. ದಾಖಲೆ ಸಾರ್ವಜನಿಕವಾದರೆ ಅದರೊಳಗೆ ಅಡಗಿರುವ ಮೆಟಾಡೇಟಾ ಕೂಡ ಅದರ ಭಾಗವೇ ಎಂದು 2009ರಲ್ಲಿ ಅರಿಜೋನಾ ಸುಪ್ರೀಂ ಕೋರ್ಟ್ ಹೇಳಿತು. ಈ ತೀರ್ಪನ್ನು ನಿಮ್ಮ ಅರ್ಜಿಯಲ್ಲಿ ಒಂದು ಸಾಲಿನಲ್ಲಿ ನೆನಪಿಸಿ.

ಪ್ರಶ್ನೆ: ನಮ್ಮ ಬಡಾವಣೆಯ ಮನೆಮಾಲೀಕರ ಸಂಘ ಲೆಕ್ಕ ತೋರಿಸುತ್ತಿಲ್ಲ. ಒಂಬುಡ್ಸ್‌ಮನ್ ಕೇಳುತ್ತಾರೆಯೇ?

ಉತ್ತರ: ಇಲ್ಲ. ಅದು ಖಾಸಗಿ ಸಂಸ್ಥೆ. ಅದಕ್ಕೆ ಬೇರೆಯೇ ಶಾಸನವಿದೆ.

ಪ್ರಶ್ನೆ: ವಲಸೆ ಇಲಾಖೆಯಲ್ಲಿರುವ ನನ್ನ ಕಡತ ಕೇಳಿದ್ದೇನೆ. ಅಲ್ಲಿಯೂ ಒಂಬುಡ್ಸ್‌ಮನ್ ಇದ್ದಾರೆಯೇ?

ಉತ್ತರ: ಅದು ಕೇಂದ್ರ ಸರ್ಕಾರದ್ದಾದ್ದರಿಂದ ರಾಜ್ಯದ ಕಚೇರಿಗೆ ಸಂಬಂಧಿಸಿದ್ದಲ್ಲ. ಕೇಂದ್ರದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಪ್ರಕಾರ ಇಲಾಖೆ 20 ಕೆಲಸದ ದಿನಗಳೊಳಗೆ ತನ್ನ ತೀರ್ಮಾನ ತಿಳಿಸಬೇಕು. ನಿರಾಕರಿಸಿದರೆ ಮೇಲ್ಮನವಿಗೆ ಕನಿಷ್ಠ 90 ದಿನಗಳ ಅವಕಾಶವಿರುತ್ತದೆ. ಇಂಥ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ವಹಿಸಲು ರಾಷ್ಟ್ರೀಯ ಪತ್ರಾಗಾರದಲ್ಲಿ 2009ರಿಂದ ಒಂದು ಕಚೇರಿ ಕೆಲಸ ಮಾಡುತ್ತಿದೆ. ಅದರ ನೆರವನ್ನು ಯಾವ ಹಂತದಲ್ಲಾದರೂ ಕೋರಬಹುದು, ಆದರೆ ಮೇಲ್ಮನವಿಯ ದಿನ ಮೀರುವುದರೊಳಗೆ ಅದನ್ನು ಸಲ್ಲಿಸಿಯೇ ಇರಿ.