ಮುಧೋಳ ನಾಯಿಮರಿಗೆ ಎಷ್ಟು ಇಂಚಿನ ಕ್ರೇಟ್ ತೆಗೆದುಕೊಳ್ಳಬೇಕು?

ನೀವು ಕೇಳಿದ್ದು ಇಷ್ಟು. ನಾಲ್ಕು ತಿಂಗಳ ಗಂಡು ಮುಧೋಳ ಮರಿ, ತೂಕ 11 ಕೆಜಿ, ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಮನೆ. ಅಂಗಡಿಯವರು ತೂಕ ಕೇಳಿ ಈಗ 30 ಇಂಚು ಉದ್ದದ ಕ್ರೇಟ್ (ನಾಯಿ ಮಲಗುವ, ಬಾಗಿಲಿರುವ ಗೂಡು) ಸಾಕು, ದೊಡ್ಡದಾದ ಮೇಲೆ 36 ತಗೊಳ್ಳಿ ಅಂದರು. ಗೆಳೆಯರು ಒಂದೇ ಸಲ 48 ತಗೊಳ್ಳಿ ಅಂದರು. ಮುಂದಿನ ವರ್ಷ ವಿಮಾನದಲ್ಲಿ ದೆಹಲಿಗೆ ಹೋಗಬೇಕಾಗಬಹುದು, ಅದಕ್ಕೂ ಇದೇ ಆಗುತ್ತಾ ಅಂತಲೂ ಕೇಳಿದ್ದೀರಿ.

ಗೆಳೆಯರ ಮಾತು ಕೇಳಿ. ಆದರೆ 48ರ ಜೊತೆಗೆ ಡಿವೈಡರ್, ಅಂದರೆ ಒಳಗಿನ ಜಾಗ ಕಡಿಮೆ ಮಾಡಲು ಅಡ್ಡ ಹಾಕುವ ತಡೆ, ಇರಲೇಬೇಕು. ವಿಮಾನಕ್ಕೆ ಮಾತ್ರ ಇದು ಆಗುವುದಿಲ್ಲ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಂಗಡಿಯವರು ನಿಮಗೆ ಮೋಸ ಮಾಡುತ್ತಿಲ್ಲ. ಅವರ ಕೈಯಲ್ಲಿರುವ ಚಾರ್ಟೇ ಹಾಗಿದೆ. ಇಷ್ಟು ಕೆಜಿಗೆ ಇಷ್ಟು ಇಂಚು ಅಂತ ಬರೆದಿರುತ್ತದೆ. ಲ್ಯಾಬ್ರಡಾರ್, ಬೀಗಲ್ ಥರದ ಮೈತುಂಬಿದ ನಾಯಿಗಳಿಗೆ ಆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ನಮ್ಮ ಮುಧೋಳಕ್ಕೆ ಹೋಗುವುದಿಲ್ಲ. 30 ಕೆಜಿಯ ಲ್ಯಾಬ್ರಡಾರ್ ಹೆಗಲ ಹತ್ತಿರ ಸುಮಾರು 56 ಸೆಂ.ಮೀ. ಎತ್ತರ ಇರುತ್ತದೆ. ಅದಕ್ಕಿಂತ ಹಗುರಾಗಿರುವ ಗಂಡು ಮುಧೋಳ 70 ಸೆಂ.ಮೀ. ಆಸುಪಾಸು ನಿಲ್ಲುತ್ತದೆ. ತೂಕ ಕಡಿಮೆ, ಕಾಲು ಉದ್ದ. ತೂಕ ನೋಡಿ ಕ್ರೇಟ್ ಕೊಟ್ಟರೆ ಇದಕ್ಕೆ ಯಾವಾಗಲೂ ಚಿಕ್ಕದೇ ಸಿಗುತ್ತದೆ.

ನನಗೂ ಹಾಗೇ ಸಿಕ್ಕಿತ್ತು. ನಮ್ಮ ಹೆಣ್ಣು ಮುಧೋಳ ಚಂದ್ರಿಗೆ ಹತ್ತು ತಿಂಗಳಾದಾಗ 21 ಕೆಜಿ ಇದ್ದಳು. ಚಾರ್ಟ್ ನೋಡಿ 36 ಇಂಚಿನದು ತಂದೆ. ಅದರ ಅಗಲ ಸುಮಾರು 23 ಇಂಚು, ಎತ್ತರ 25. ಚಂದ್ರಿ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದಳು. ಒಳಗೆ ನಿಂತರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು. ಮುಧೋಳಗಳ ಬೆನ್ನು ಸ್ವಲ್ಪ ಬಾಗಿಯೇ ಇರುತ್ತದಲ್ಲ ಅಂದುಕೊಂಡು ಸುಮ್ಮನಿದ್ದೆ. ಮಲಗಿದಾಗ ಕಾಲು ಚಾಚಲು ಜಾಗ ಸಾಲದೆ ಪಾದಗಳನ್ನು ಕಂಬಿಗೆ ಒತ್ತಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ನೋಡಿದರೆ ಬೆರಳ ಸಂದಿಯಲ್ಲಿ ಕಂಬಿಯ ಗುರುತು ಇರುತ್ತಿತ್ತು. ಎರಡು ಕಿವಿಗಳ ನಡುವೆ ಕೂದಲು ಉದುರಿ ಬೋಳಾಗತೊಡಗಿತು.

ಕಣ್ಣು ತೆರೆಸಿದ್ದು ಬಾಲ. ಬೆಳಿಗ್ಗೆ ನಾನು ಬಾಗಿಲು ತೆಗೆಯಲು ಬಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ತೆಳ್ಳಗಿನ ಉದ್ದ ಬಾಲ ಎರಡೂ ಕಡೆಯ ಕಂಬಿಗೆ ಟಪಟಪ ಬಡಿಯುತ್ತಿತ್ತು. ಒಂದು ದಿನ ಪಕ್ಕದ ಬಿಳಿ ಗೋಡೆಯ ಮೇಲೆ, ನೆಲದಿಂದ ಎರಡಡಿ ಎತ್ತರದಲ್ಲಿ, ಸಾಲಾಗಿ ಕೆಂಪು ಚುಕ್ಕೆಗಳು ಕಂಡವು. ಬಾಲದ ತುದಿ ಸೀಳಿತ್ತು. ಬಾಲದ ತುದಿಯ ಗಾಯ ಬೇಗ ಮಾಯುವುದಿಲ್ಲ. ಒಣಗುವಷ್ಟರಲ್ಲಿ ಮತ್ತೆ ಬಡಿದು ಒಡೆಯುತ್ತದೆ. ಡಾಕ್ಟರ್ ಗಾಯ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, ಕ್ರೇಟ್ ಎಷ್ಟು ಅಗಲ ಇದೆ ಅಂತ.

ಅವತ್ತೇ ಮನೆಗೆ ಬಂದು ಟೇಪ್ ಹಿಡಿದೆ. ನೀವು ಹಣ ಕೊಡುವ ಮೊದಲೇ ಹಿಡಿಯಿರಿ. ಟೈಲರ್ ಟೇಪ್ ಇದ್ದರೆ ಸಾಕು, ಆದರೆ ಇಬ್ಬರು ಬೇಕು. ನಾಯಿಯನ್ನು ಗೋಡೆ ಪಕ್ಕಕ್ಕೆ ನಿಲ್ಲಿಸಿ. ಒಬ್ಬರು ಮುಂದೆ ನಿಂತು ಬಿಸ್ಕತ್ತು ತೋರಿಸಲಿ. ಇನ್ನೊಬ್ಬರು ಮೂಗಿನ ತುದಿ ಎಲ್ಲಿದೆ, ಬಾಲದ ಬುಡ ಎಲ್ಲಿದೆ, ತಲೆಯ ನೆತ್ತಿ ಎಲ್ಲಿದೆ ಅಂತ ಗೋಡೆ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಲಿ. ಆಮೇಲೆ ನಾಯಿಯನ್ನು ಬಿಟ್ಟು ಗೋಡೆಯನ್ನು ಅಳೆಯಿರಿ. ಬೆನ್ನಿನ ಮೇಲೆ ಟೇಪ್ ಎಳೆದರೆ ಬಾಗು ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಬಾಲದ ತುದಿಯವರೆಗೆ ಅಳೆಯಬೇಡಿ, ಬುಡದವರೆಗೆ ಸಾಕು. ಉದ್ದಕ್ಕೆ 4 ಇಂಚು ಸೇರಿಸಿ. ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿ, ಮೇಲೆ ಒಂದೆರಡು ಇಂಚು ಬಿಡಿ. ಮುಧೋಳಕ್ಕೆ ಹಾಸಿಗೆ ಬೇಕೇ ಬೇಕು. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಚಿಕ್ಕದು, ಕ್ರೇಟಿನ ತಳದ ಬರೀ ಟ್ರೇ ಮೇಲೆ ಮಲಗಿದರೆ ಮೊಣಕೈ ಚರ್ಮ ದಪ್ಪಗಟ್ಟುತ್ತದೆ.

ಅಗಲದ ಬಗ್ಗೆ ಯಾರೂ ಹೇಳುವುದಿಲ್ಲ, ನನ್ನ ಪ್ರಕಾರ ಈ ತಳಿಗೆ ಅದೇ ಮುಖ್ಯ. ನಾಯಿ ಗಾಢ ನಿದ್ದೆಯಲ್ಲಿ ಪಕ್ಕಕ್ಕೆ ಮಲಗಿ ನಾಲ್ಕೂ ಕಾಲು ಚಾಚಿರುತ್ತದಲ್ಲ, ಆಗ ಸದ್ದು ಮಾಡದೆ ಬೆನ್ನಿನಿಂದ ಪಾದದ ತುದಿಯವರೆಗೆ ಅಳೆಯಿರಿ. ಚಂದ್ರಿಗೆ 27 ಇಂಚು ಬಂತು. ಮಲಗಿದ್ದ ಕ್ರೇಟ್ 23 ಇಂಚು. ಆ ನಾಲ್ಕು ಇಂಚನ್ನು ಅವಳು ಮೂರು ತಿಂಗಳು ಕಾಲು ಮಡಚಿ ಸರಿದೂಗಿಸಿಕೊಂಡಿದ್ದಳು. ಟೇಪ್ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಿದ್ದು ಇನ್ನೂ ನೆನಪಿದೆ. ತುಂಬಾ ಬೇಜಾರಾಗಿತ್ತು.

ಅವಳ ಉಳಿದ ಅಳತೆ ಹೀಗಿತ್ತು: ಉದ್ದ 39 ಇಂಚು, ತಲೆ ಎತ್ತಿ ನಿಂತಾಗ ಎತ್ತರ 30. ಮಡಚುವ ಕಂಬಿ ಕ್ರೇಟಿನಲ್ಲಿ 42ರ ಎತ್ತರ ಹೆಚ್ಚಾಗಿ 30 ಇಂಚಿನ ಹತ್ತಿರ ಇರುತ್ತದೆ, ಹಾಸಿಗೆ ಹಾಕಿದರೆ ತಲೆ ತಾಗುತ್ತದೆ. 48ರದ್ದು ಅಗಲ ಸುಮಾರು 30, ಎತ್ತರ 32ರಿಂದ 33. ಅದೇ ಸರಿಹೋಯಿತು.

ನಿಮ್ಮದು ಗಂಡು, ಇನ್ನೂ ಎತ್ತರ ಬೆಳೆಯುತ್ತದೆ. ಮರಿಯನ್ನು ಈಗ ಅಳೆದರೆ ದೊಡ್ಡದಾದಾಗಿನ ಸೈಜ್ ಗೊತ್ತಾಗುವುದಿಲ್ಲ. ಮರಿ ತಂದ ಮನೆಯವರಿಗೆ ಫೋನ್ ಮಾಡಿ, ತಂದೆ ತಾಯಿಯ ಎತ್ತರ ಕೇಳಿ. ಮುಧೋಳ ಕಡೆಯವರು ಸಂತೋಷದಿಂದ ಅಳೆದು ಹೇಳುತ್ತಾರೆ, ಅವರಿಗೆ ಅದು ಹೆಮ್ಮೆಯ ವಿಷಯ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ತಂದಿದ್ದರೆ ಅಲ್ಲೂ ವಿಚಾರಿಸಬಹುದು. ತಂದೆ ತುಂಬಾ ಎತ್ತರ ಅಂತಾದರೆ 48ರಲ್ಲೇ ಜಾಸ್ತಿ ಎತ್ತರ ಇರುವುದನ್ನು ಹುಡುಕಿ. ಒಂದೊಂದು ಕಂಪನಿಯದು ಒಂದೆರಡು ಇಂಚು ಹೆಚ್ಚುಕಡಿಮೆ ಇರುತ್ತದೆ. ಡಬ್ಬದ ಮೇಲಿನ 48 ಅನ್ನುವುದು ಉದ್ದ ಮಾತ್ರ, ಅದೂ ಹೊರಗಿನ ಅಳತೆ. ಪ್ಲಾಸ್ಟಿಕ್ ಕ್ರೇಟ್ ಆದರೆ ಗೋಡೆ ಒಳಗೆ ವಾಲಿರುತ್ತದೆ, ನಿಜವಾಗಿ ಸಿಗುವ ಜಾಗ ಇನ್ನೂ ಕಡಿಮೆ.

ಸಿದ್ಧ ಕ್ರೇಟ್ ಸಾಲದಿದ್ದರೆ ಗ್ರಿಲ್ ಕೆಲಸದವರ ಹತ್ತಿರ ಮಾಡಿಸಬಹುದು. ಬೇಕಾದ ಎತ್ತರ ಸಿಗುತ್ತದೆ. ಎರಡು ವಿಷಯ ಗಟ್ಟಿಯಾಗಿ ಹೇಳಿ. ಕಂಬಿಗಳ ಸಂದಿಯಲ್ಲಿ ಮರಿಯ ಮೂತಿ ಸಿಕ್ಕಿಕೊಳ್ಳಬಾರದು. ವೆಲ್ಡಿಂಗ್ ಆದ ಕಡೆಯೆಲ್ಲ ಒಳಗಿನಿಂದ ನುಣ್ಣಗೆ ಉಜ್ಜಿರಬೇಕು. ತರುವ ಮುನ್ನ ಬರಿಗೈಯಲ್ಲಿ ಒಳಭಾಗವನ್ನು ಪೂರ್ತಿ ಸವರಿ ನೋಡಿ. ಮುಧೋಳದ ಚರ್ಮ ತುಂಬಾ ತೆಳು, ಸಣ್ಣ ಮೊನೆ ಸಾಕು ಹರಿಯಲು.

ಈಗ ಡಿವೈಡರ್. 11 ಕೆಜಿಯ ಮರಿಗೆ ಪೂರ್ತಿ 48 ಇಂಚು ಬಿಟ್ಟರೆ ಒಂದು ತುದಿಯಲ್ಲಿ ಮಲಗಿ ಇನ್ನೊಂದು ತುದಿಯಲ್ಲಿ ಉಚ್ಚೆ ಮಾಡುತ್ತದೆ. ಮಲಗುವ ಜಾಗ ಕೊಳೆ ಮಾಡಬಾರದು ಅನ್ನುವುದು ಮರಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ. ಜಾಗ ಹಿಡಿತದಲ್ಲಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟು ಬಿಟ್ಟು ಡಿವೈಡರ್ ಹಾಕಿ. ಹದಿನೈದು ದಿನಕ್ಕೊಮ್ಮೆ ಅಳೆದು ಹಿಂದಕ್ಕೆ ಸರಿಸಿ. ಈ ವಯಸ್ಸಲ್ಲಿ ಮರಿ ಬೆಳೆಯುವ ವೇಗ ನೋಡಿದರೆ ಅಷ್ಟು ಬೇಕಾಗುತ್ತದೆ. ಕ್ರೇಟ್ ಸೈಜ್ ಎಷ್ಟೇ ಸರಿಯಿದ್ದರೂ ನಾಲ್ಕು ತಿಂಗಳ ಮರಿ ಹಗಲಲ್ಲಿ ನಾಲ್ಕೈದು ಗಂಟೆಗಿಂತ ಜಾಸ್ತಿ ತಡೆದುಕೊಳ್ಳಲಾರದು. ಇಬ್ಬರೂ ಆಫೀಸಿಗೆ ಹೋಗುವವರಾದರೆ ಮಧ್ಯಾಹ್ನ ಹೊರಗೆ ಬಿಡಲು ಯಾರಾದರೂ ಬರಲೇಬೇಕು. ಇದನ್ನು ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ.

ಮನೆಯಲ್ಲಿ ಜಾಗ ಇದೆಯಾ ಅಂತ ನೋಡಲು ನೆಲದ ಮೇಲೆ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲಕ್ಕೆ ಪೇಪರ್ ಹಾಸಿ ಎರಡು ದಿನ ಬಿಡಿ. ಓಡಾಡುವಾಗ ತೊಡರುತ್ತಿದ್ದರೆ ಬೇರೆ ಮೂಲೆ ಹುಡುಕಿ. ಎಲ್ಲೂ ಆಗದಿದ್ದರೆ ಕ್ರೇಟೇ ಬೇಡ, ಒಂದು ಕೋಣೆಗೆ ಮಕ್ಕಳ ಗೇಟ್ ಹಾಕಿಸಿ. ಜಾಗ ಇಲ್ಲ ಅಂತ 36 ಮಾತ್ರ ತರಬೇಡಿ. ಬಾಲ್ಕನಿಯಲ್ಲಿ ಬಿಸಿಲು ಬೀಳುವ ಕಡೆ ಕ್ರೇಟ್ ಇಡಬೇಡಿ.

ವಿಮಾನದ ವಿಷಯ. ಮಡಚುವ ಕಂಬಿ ಕ್ರೇಟನ್ನು ಕಾರ್ಗೋಗೆ ತೆಗೆದುಕೊಳ್ಳುವುದಿಲ್ಲ. ಗಟ್ಟಿ ಗೋಡೆಯ ಪೆಟ್ಟಿಗೆ ಬೇಕು, ಅದಕ್ಕೆ ಐಎಟಿಎ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಲೆಕ್ಕ ಬೇರೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಹೆಗಲಿನ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನೆತ್ತಿ ಅಥವಾ ಕಿವಿಯ ತುದಿ, ಯಾವುದು ಎತ್ತರವೋ ಅದಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಎತ್ತರ. ಉದಾಹರಣೆಗೆ ನಿಮ್ಮ ನಾಯಿ 105 ಸೆಂ.ಮೀ. ಉದ್ದ, ಮೊಣಕೈ 40 ಸೆಂ.ಮೀ. ಇದ್ದರೆ ಪೆಟ್ಟಿಗೆ 125 ಸೆಂ.ಮೀ. ಬೇಕು. ಅಂದರೆ 49 ಇಂಚಿಗೂ ಜಾಸ್ತಿ. 48 ಇಂಚಿನ ಪ್ಲಾಸ್ಟಿಕ್ ಪೆಟ್ಟಿಗೆಯೂ ಸಾಲುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದಲ್ಲ. ಹಾಗಾಗಿ ವಿಮಾನದ ಪೆಟ್ಟಿಗೆಯನ್ನು ಈಗಲೇ ಕೊಳ್ಳಬೇಡಿ. ನಾಯಿ ಬೆಳೆದು ನಿಂತ ಮೇಲೆ ಅಳೆದು, ವಿಮಾನ ಕಂಪನಿಗೆ ಆ ಅಳತೆ ಹೇಳಿ ಒಪ್ಪಿಗೆ ಪಡೆದು ಆಮೇಲೆ ತಗೊಳ್ಳಿ. ಪ್ರಯಾಣಕ್ಕೆ ಕೆಲವು ವಾರ ಮುಂಚೆಯೇ ಮನೆಗೆ ತಂದು ಅದರಲ್ಲೇ ಊಟ ಹಾಕಿ, ಮಲಗಿಸಿ ಅಭ್ಯಾಸ ಮಾಡಿಸಿ.

ರೈಲಾದರೆ ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ (ಇಬ್ಬರ ಕೋಣೆ) ಬುಕ್ ಮಾಡಿ ಜೊತೆಗೇ ಕರೆದೊಯ್ಯಬಹುದು. ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆಯ ಸೈಜ್ ನಮ್ಮ ಕೈಯಲ್ಲಿಲ್ಲ. ನಾನಂತೂ ಚಂದ್ರಿಯನ್ನು ಅದರಲ್ಲಿ ಹಾಕುವುದಿಲ್ಲ.

ಕೊನೆಗೆ ಒಂದು ಮಾತು. ಕಂಬಿ ಕ್ರೇಟ್ ತಂದ ದಿನದಿಂದಲೇ, ಒಳಗೆ ಬಿಡುವ ಮುಂಚೆ ಪ್ರತಿ ಸಲ ಕಾಲರ್ ಬಿಚ್ಚಿ. ಬಕಲ್ ಕಂಬಿಗೆ ಸಿಕ್ಕಿಕೊಂಡರೆ ಮರಿ ಗಾಬರಿಯಾಗಿ ಎಳೆದಾಡುತ್ತದೆ, ಉಸಿರು ಕಟ್ಟಬಹುದು. ನಮ್ಮ ಮನೆಯಲ್ಲಿ ಕ್ರೇಟಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದಿದ್ದೇವೆ, ಕಾಲರ್ ಅಲ್ಲೇ ನೇತಾಡುತ್ತದೆ.